ನಕ್ಷತ್ರದ ಹೊಳಪು: ಕಣ್ಣಿಗೆ ಕಾಣುವುದೆಷ್ಟು, ನಿಜವಾಗಿ ಇರುವುದೆಷ್ಟು?

ಕೇಳುಗರೇ, ನಮಸ್ಕಾರ.

ಈ ಫೆಬ್ರುವರಿಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಅಂಗಳಕ್ಕೋ ಮಹಡಿಗೋ ಬಂದು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಎರಡು ನಕ್ಷತ್ರಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಮೇಲಿರುವುದು ಲುಬ್ಧಕ, ಅಂದರೆ ಸಿರಿಯಸ್. ಅದರ ಕೆಳಗೆ, ದಿಗಂತದ ಕಡೆಗೆ ಇರುವುದು ಅಗಸ್ತ್ಯ, ಅಂದರೆ ಕೆನೋಪಸ್. ವಿಂಧ್ಯ ದಾಟಿ ದಕ್ಷಿಣಕ್ಕೆ ಬಂದ ಋಷಿಯ ಹೆಸರು ಅದಕ್ಕೆ. ರಾತ್ರಿ ಆಕಾಶದಲ್ಲಿ ಅತಿ ಹೆಚ್ಚು ಹೊಳೆಯುವ ನಕ್ಷತ್ರ ಲುಬ್ಧಕ, ಎರಡನೆಯದು ಅಗಸ್ತ್ಯ. ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಇರುವವರಿಗೆ ಅಗಸ್ತ್ಯ ಮೂಡುವುದೇ ಇಲ್ಲ. ನಮಗೆ ಎರಡೂ ಒಟ್ಟಿಗೆ ಸಿಗುತ್ತವೆ.

ಕಣ್ಣಿಗೆ ಲುಬ್ಧಕ ಅಗಸ್ತ್ಯನ ಸುಮಾರು ಎರಡು ಪಟ್ಟು ಹೊಳೆಯುತ್ತದೆ. ಆದರೆ ನಿಜವಾಗಿ ಬೆಳಕು ಸುರಿಯುತ್ತಿರುವುದು ಯಾವುದು ಜಾಸ್ತಿ?

ರಾತ್ರಿ ಘಟ್ಟದ ರಸ್ತೆಯಲ್ಲಿ ಎದುರಿಗೆ ಒಂದು ದೀಪ ಕಂಡಾಗ ಅದು ಹತ್ತಿರದ ಬೈಕೋ, ದೂರದ ಲಾರಿಯೋ ಎಂದು ಥಟ್ಟನೆ ಹೇಳಲಾಗುವುದಿಲ್ಲ, ಅಲ್ವಾ? ನಕ್ಷತ್ರದ ವಿಷಯವೂ ಹಾಗೆಯೇ. ದೂರ ಗೊತ್ತಾಗುವವರೆಗೆ ಹೊಳಪು ಏನನ್ನೂ ಹೇಳುವುದಿಲ್ಲ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ. ಲುಬ್ಧಕ ನಮ್ಮಿಂದ 8.6 ಜ್ಯೋತಿರ್ವರ್ಷ ದೂರದಲ್ಲಿದೆ. ಅಗಸ್ತ್ಯ ಸುಮಾರು 310 ಜ್ಯೋತಿರ್ವರ್ಷ, ಅಂದರೆ 36 ಪಟ್ಟು ದೂರ. ದೂರ ಎರಡು ಪಟ್ಟಾದರೆ ನಮಗೆ ತಲುಪುವ ಬೆಳಕು ನಾಲ್ಕನೇ ಒಂದು ಪಾಲಾಗುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದು ಪಾಲು. ಹಾಗಾದರೆ 36 ಪಟ್ಟಾದರೆ? 36ನ್ನು 36ರಿಂದ ಗುಣಿಸಿ. ಹತ್ತಿರ ಹತ್ತಿರ 1,300. ಅಷ್ಟು ಸೋರಿ ಹೋದ ಮೇಲೂ ಅಗಸ್ತ್ಯ ಲುಬ್ಧಕನ ಅರ್ಧದಷ್ಟು ಹೊಳೆಯುತ್ತದೆ! ಅಂದರೆ ಅದು ಲುಬ್ಧಕನಿಗಿಂತ 600 ಪಟ್ಟಿಗೂ ಹೆಚ್ಚು ಬೆಳಕು ಚೆಲ್ಲುತ್ತಿರಬೇಕು. ಸೂರ್ಯನ ಲೆಕ್ಕದಲ್ಲಿ ಹೇಳುವುದಾದರೆ ಲುಬ್ಧಕ ಸುಮಾರು 25 ಸೂರ್ಯರಿಗೆ ಸಮ. ಅಗಸ್ತ್ಯ 10,000ಕ್ಕೂ ಹೆಚ್ಚು ಸೂರ್ಯರಿಗೆ ಸಮ.

ಹಾಗಾಗಿ ಎರಡು ಅಳತೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ನಮಗೆ ಕಾಣುವ ಹೊಳಪು ಒಂದು. ನಕ್ಷತ್ರ ಪ್ರತಿ ಸೆಕೆಂಡಿಗೆ ಎಲ್ಲ ದಿಕ್ಕಿಗೂ ಹೊರಸೂಸುವ ಒಟ್ಟು ಬೆಳಕು ಇನ್ನೊಂದು.

ಕಾಣುವ ಹೊಳಪನ್ನು ಅಳೆಯುವ ಪದ್ಧತಿ ತುಂಬಾ ಹಳೆಯದು. ಕ್ರಿಸ್ತಪೂರ್ವ ಎರಡನೇ ಶತಮಾನದ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್ ನಕ್ಷತ್ರಗಳನ್ನು ಆರು ದರ್ಜೆಗಳಾಗಿ ವಿಂಗಡಿಸಿದ ಎಂದು ಹೇಳುತ್ತಾರೆ. ತುಂಬಾ ಹೊಳೆಯುವವು ಮೊದಲ ದರ್ಜೆ, ಕಷ್ಟಪಟ್ಟರೆ ಕಾಣುವಂಥವು ಆರನೆಯದು. ಇದನ್ನೇ ಈಗ ಮ್ಯಾಗ್ನಿಟ್ಯೂಡ್, ಕನ್ನಡದಲ್ಲಿ ಕಾಂತಿಮಾನ ಎನ್ನುತ್ತೇವೆ. ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಮೊದಲ ಸಲ ಕೇಳಿದವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಬರುವ ರ‍್ಯಾಂಕ್ ಅಂದುಕೊಂಡರೆ ಗೊಂದಲವಿಲ್ಲ.

ಈ ದರ್ಜೆಗಳಿಗೆ ಗಣಿತದ ಬಿಗಿ ಕೊಟ್ಟವರು ಇಂಗ್ಲೆಂಡಿನ ನಾರ್ಮನ್ ಪೋಗ್ಸನ್. ಐದು ದರ್ಜೆಯ ವ್ಯತ್ಯಾಸ ಅಂದರೆ ಸರಿಯಾಗಿ 100 ಪಟ್ಟು ಬೆಳಕು ಎಂದು ಅವರು 1856ರಲ್ಲಿ ಸೂಚಿಸಿದರು. ಒಂದು ದರ್ಜೆಗೆ ಸುಮಾರು ಎರಡೂವರೆ ಪಟ್ಟು. ಇವತ್ತಿಗೂ ಜಗತ್ತೆಲ್ಲ ಬಳಸುವುದು ಇದನ್ನೇ. ಇದೇ ಪೋಗ್ಸನ್ 1861ರಲ್ಲಿ ಮದ್ರಾಸ್ ವೀಕ್ಷಣಾಲಯಕ್ಕೆ ಸರ್ಕಾರಿ ಖಗೋಳಜ್ಞರಾಗಿ ಬಂದು, 1891ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಕೆಲಸ ಮಾಡಿದರು. ಅವರ ಜೊತೆ ದುಡಿದವರು ಚಿಂತಾಮಣಿ ರಘುನಾಥಾಚಾರಿ. ಹೊಳಪು ಏರಿಳಿಯುವ ಆರ್ ರೆಟಿಕ್ಯುಲಿ ಎಂಬ ನಕ್ಷತ್ರವನ್ನು ಅವರು 1867ರಲ್ಲಿ ಗುರುತಿಸಿದರು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಈ ಹೆಸರು ಇರಬೇಕಿತ್ತು. ಆ ಮದ್ರಾಸ್ ವೀಕ್ಷಣಾಲಯದ ಪರಂಪರೆಯೇ ಮುಂದೆ ಕೊಡೈಕೆನಾಲ್‌ಗೆ ಹೋಗಿ, ಕೊನೆಗೆ ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಆಯಿತು.

ಪೋಗ್ಸನ್ ಲೆಕ್ಕದಲ್ಲಿ ತುಂಬಾ ಹೊಳೆಯುವವುಗಳ ಅಂಕಿ ಒಂದಕ್ಕಿಂತ ಕೆಳಗೆ, ಸೊನ್ನೆಯನ್ನೂ ದಾಟಿ ಮೈನಸ್‌ಗೆ ಇಳಿಯುತ್ತದೆ. ಲುಬ್ಧಕನ ಕಾಂತಿಮಾನ ಮೈನಸ್ 1.46. ಹುಣ್ಣಿಮೆ ಚಂದ್ರ ಮೈನಸ್ 12.7. ಸೂರ್ಯ ಮೈನಸ್ 26.7.

ಈ ಸೂರ್ಯನನ್ನೇ ಎತ್ತಿಕೊಂಡು ಹೋಗಿ ಲುಬ್ಧಕ ಇರುವ ಜಾಗದಲ್ಲಿ ಇಟ್ಟರೆ? ಅದರ ಕಾಂತಿಮಾನ ಸುಮಾರು 2 ಆಗುತ್ತದೆ. ನಮ್ಮ ಧ್ರುವ ನಕ್ಷತ್ರದಷ್ಟು. ಅಗಸ್ತ್ಯ ಇರುವ ಜಾಗಕ್ಕೆ ಒಯ್ದರೆ ಬರಿಗಣ್ಣಿಗೆ ಕಾಣುವುದೇ ಇಲ್ಲ, ದೂರದರ್ಶಕ ಬೇಕು. ಅಗಸ್ತ್ಯನನ್ನು ಲುಬ್ಧಕನ ಜಾಗಕ್ಕೆ ತಂದರೆ ಶುಕ್ರ ಗ್ರಹದ ಹತ್ತಾರು ಪಟ್ಟು ಹೊಳೆಯುತ್ತದೆ. ಖಗೋಳಜ್ಞರು ಮಾಡುವುದೂ ಇದನ್ನೇ. ಎಲ್ಲ ನಕ್ಷತ್ರಗಳನ್ನೂ 32.6 ಜ್ಯೋತಿರ್ವರ್ಷ ದೂರದಲ್ಲಿ ನಿಲ್ಲಿಸಿದರೆ ಎಷ್ಟು ಹೊಳೆಯುತ್ತವೆ ಎಂದು ಲೆಕ್ಕ ಹಾಕುತ್ತಾರೆ. ಅದು ನಿರಪೇಕ್ಷ ಕಾಂತಿಮಾನ. ಸೂರ್ಯನಿಗೆ ಅದು 4.8. ಅಷ್ಟು ದೂರದಿಂದ ನೋಡಿದರೆ ಬೆಂಗಳೂರಿನ ಬೀದಿದೀಪಗಳ ನಡುವೆ ನಮ್ಮ ಸೂರ್ಯ ಸಿಗುವುದಿಲ್ಲ.

ಇದಕ್ಕೆಲ್ಲ ಮೊದಲು ದೂರ ಗೊತ್ತಾಗಬೇಕು. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರ ತುಸು ಜಾಗ ಬದಲಿಸಿದಂತೆ ಕಾಣುತ್ತದೆ. ಎಷ್ಟು ಬದಲಿಸಿತು ಎಂಬ ಕೋನದಿಂದ ದೂರ ಲೆಕ್ಕ ಹಾಕಬಹುದು. 1838ರಲ್ಲಿ ಜರ್ಮನಿಯ ಬೆಸೆಲ್, 61 ಸಿಗ್ನಿ ಎಂಬ ನಕ್ಷತ್ರದಲ್ಲಿ ಇದನ್ನು ಅಳೆದರು. ಆ ಕೋನ ಒಂದು ಡಿಗ್ರಿಯ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು! 2013ರಲ್ಲಿ ಹಾರಿದ ಗಾಯಾ ಉಪಗ್ರಹ ಇದೇ ವಿಧಾನದಲ್ಲಿ 100 ಕೋಟಿಗೂ ಹೆಚ್ಚು ನಕ್ಷತ್ರಗಳನ್ನು ಅಳೆದಿದೆ.

ದೂರ ತಿಳಿದ ಮೇಲೆ ಬಯಲಾದ ವಿಷಯ ನನಗೆ ಇವತ್ತಿಗೂ ಅಚ್ಚರಿ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಬರೀ 4.24 ಜ್ಯೋತಿರ್ವರ್ಷ. ಅದು ಬರಿಗಣ್ಣಿಗೆ ಕಾಣುವುದಿಲ್ಲ. ಅದೊಂದು ಕೆಂಪು ಕುಬ್ಜ, ಅಂದರೆ ಸಣ್ಣ, ಮಂಕು, ಸೂರ್ಯನಿಗಿಂತ ತಣ್ಣನೆಯ ನಕ್ಷತ್ರ. ನಕ್ಷತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಂಥವೇ, ಆದರೆ ಒಂದೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಾವು ಆಕಾಶ ಎಂದು ನೋಡುತ್ತಿರುವುದು ದೂರದಿಂದಲೂ ಕಾಣಬಲ್ಲ ಕೆಲವೇ ಶ್ರೀಮಂತರನ್ನು.

ಈ ಶ್ರೀಮಂತಿಕೆ ಎಲ್ಲಿಂದ ಬರುತ್ತದೆ? ಎರಡು ಸಂಗತಿ ಸಾಕು: ಮೈ ಎಷ್ಟು ಬಿಸಿ, ಮೈ ಎಷ್ಟು ದೊಡ್ಡದು. ಬಿಸಿ ಎರಡು ಪಟ್ಟಾದರೆ ಅಷ್ಟೇ ಮೈಯಿಂದ 16 ಪಟ್ಟು ಬೆಳಕು ಹೊರಡುತ್ತದೆ. ಲುಬ್ಧಕನಿಗೆ ಒಬ್ಬ ಜೊತೆಗಾರನಿದ್ದಾನೆ, 1862ರಲ್ಲಿ ಕಂಡದ್ದು. ಅವನ ಮೈ ಸುಮಾರು 25,000 ಡಿಗ್ರಿ, ಲುಬ್ಧಕನಿಗಿಂತಲೂ ಬಿಸಿ. ಆದರೆ ಗಾತ್ರ ಭೂಮಿಯಷ್ಟೇ. ಹಾಗಾಗಿ ಸೂರ್ಯನ ಹತ್ತನೇ ಒಂದು ಪಾಲು ಬೆಳಕೂ ಅವನಲ್ಲಿಲ್ಲ. ಇದಕ್ಕೆ ತದ್ವಿರುದ್ಧ ಆರ್ದ್ರಾ, ಅಂದರೆ ಬೀಟಲ್‌ಜ್ಯೂಸ್. ಮೈ ಸೂರ್ಯನಿಗಿಂತ ತಣ್ಣಗೆ, ಸುಮಾರು 3,500 ಡಿಗ್ರಿ. ಅದಕ್ಕೇ ಆ ಕೆಂಪು ಬಣ್ಣ. ಆದರೆ ಗಾತ್ರ ಎಷ್ಟು ದೊಡ್ಡದೆಂದರೆ, ಸೂರ್ಯನ ಜಾಗದಲ್ಲಿ ಇಟ್ಟರೆ ಮಂಗಳ ಗ್ರಹದ ಕಕ್ಷೆಯನ್ನೂ ನುಂಗುತ್ತದೆ.

ಈ ಆರ್ದ್ರಾ 2019ರ ಕೊನೆಯಲ್ಲಿ ಮಂಕಾಗತೊಡಗಿತು. 2020ರ ಫೆಬ್ರುವರಿ ಹೊತ್ತಿಗೆ ಅದರ ಹೊಳಪು ಮಾಮೂಲಿನ ಮೂರನೇ ಒಂದು ಪಾಲಿಗೆ ಹತ್ತಿರ ಇಳಿದಿತ್ತು. ಇನ್ನೇನು ಸಿಡಿಯುತ್ತದೆ ಎಂದು ಸುದ್ದಿ ಹಬ್ಬಿತು. ನಕ್ಷತ್ರವೇ ಬಡವಾಯಿತೋ, ಬೆಳಕಿಗೆ ದಾರಿಯಲ್ಲಿ ಏನಾದರೂ ಅಡ್ಡ ಬಂತೋ? ಚಿಲಿಯ ದೊಡ್ಡ ದೂರದರ್ಶಕ ತೆಗೆದ ಚಿತ್ರದಲ್ಲಿ ದಕ್ಷಿಣದ ಭಾಗ ಮಾತ್ರ ಕಪ್ಪಾಗಿತ್ತು. ನಕ್ಷತ್ರ ಅನಿಲ ಉಗುಳಿತ್ತು, ಮೇಲ್ಮೈಯ ಒಂದು ಕಡೆ ತಣ್ಣಗಾಗಿತ್ತು, ಆ ಅನಿಲ ದೂಳಾಗಿ ನಮಗೆ ಅಡ್ಡ ನಿಂತಿತ್ತು. 2021ರಲ್ಲಿ ವಿಜ್ಞಾನಿಗಳು ಕೊಟ್ಟ ವಿವರಣೆ ಇದು. ಅಷ್ಟರಲ್ಲಾಗಲೇ ಆರ್ದ್ರಾ ಮೊದಲಿನ ಹೊಳಪಿಗೆ ಮರಳಿತ್ತು.

ಆರ್ದ್ರೆಯ ಏರಿಳಿತವನ್ನು ನೀವೂ ಅಳೆಯಬಹುದು. ಯಾವ ಉಪಕರಣವೂ ಬೇಡ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲಿ. ಹತ್ತಿರದಲ್ಲೇ ರೋಹಿಣಿ ನಕ್ಷತ್ರವಿದೆ, ಕಾಂತಿಮಾನ ಸುಮಾರು 0.9. ಇನ್ನೊಂದು ಕಡೆ ಪ್ರೋಸಿಯಾನ್, ಸುಮಾರು 0.3. ಆರ್ದ್ರಾ ಇವೆರಡರ ನಡುವೆ ಎಲ್ಲಿದೆ, ಯಾವುದಕ್ಕೆ ಹತ್ತಿರ ಎಂದು ಅಂದಾಜು ಮಾಡಿ. ಕೆಂಪು ನಕ್ಷತ್ರವನ್ನು ತುಂಬಾ ಹೊತ್ತು ದಿಟ್ಟಿಸಬೇಡಿ, ದಿಟ್ಟಿಸಿದಷ್ಟೂ ಹೆಚ್ಚು ಹೊಳೆದಂತೆ ಅನ್ನಿಸುತ್ತದೆ. ದಿನಾಂಕ, ಗಂಟೆ, ಅಂದಾಜು, ಮೂರನ್ನೂ ಬರೆದಿಡಿ. ಇಂಥ ನಕ್ಷತ್ರಗಳನ್ನು ಗಮನಿಸುವವರ ಸಂಘವೊಂದು ಅಮೆರಿಕದಲ್ಲಿ 1911ರಿಂದ ಇದೆ, ಹವ್ಯಾಸಿಗಳು ಬರಿಗಣ್ಣಿನಲ್ಲಿ ಮಾಡಿದ ಅಂದಾಜನ್ನೂ ಅದು ಸೇರಿಸಿಕೊಳ್ಳುತ್ತದೆ.

ನಮಸ್ಕಾರ.