ಅಟ್ಟದಿಂದ ಇಳಿದ ಹಾರ್ಮೋನಿಯಂ

ಕೇಳುಗರಿಗೆಲ್ಲ ನಮಸ್ಕಾರ.

ಆಯುಧಪೂಜೆ ಹತ್ತಿರ ಬಂತು. ನಿಮ್ಮಲ್ಲಿ ಕೆಲವರು ಈಗ ಸ್ಟೂಲ್ ಹತ್ತಿ ಅಟ್ಟದೊಳಗೆ ತಲೆ ತೂರಿಸಿರಬಹುದು. ಒಳ್ಳೆಯದೇ ಆಯಿತು. ಕೈಗೆ ಸಿಕ್ಕಿದ್ದನ್ನು ಒರೆಸಿ ಮತ್ತೆ ಒಳಗೆ ತಳ್ಳಬೇಡಿ, ಸ್ವಲ್ಪ ತಾಳಿ. ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಗೃಹವಿಜ್ಞಾನ ಪಾಠ ಮಾಡಿದವಳು. ಇವತ್ತು ಹೇಳಲು ಬಂದಿರುವುದು ಒಂದೇ ಮಾತು: ಕೊಡುವುದಾದರೆ ಚೆನ್ನಾಗಿರುವಾಗಲೇ ಕೊಡಿ.

ಬಳಸದೆ ಇಟ್ಟ ವಸ್ತು ಇಟ್ಟ ಹಾಗೇ ಇರುತ್ತದೆ ಅಂತ ನಮ್ಮ ನಂಬಿಕೆ. ಸುಳ್ಳು. ರೇಷ್ಮೆ ಸೀರೆ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಕೂತರೆ ಆ ಮಡಿಕೆಯಲ್ಲೇ ಸೀಳುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಬಿರುಸಾಗುತ್ತದೆ. ಟಾರ್ಚಿನಲ್ಲಿ ಮರೆತ ಸೆಲ್ಲು ಸೋರಿ ಒಳಗಿನ ಸ್ಪ್ರಿಂಗನ್ನೇ ತಿಂದುಹಾಕುತ್ತದೆ. ಮಗನ ಮದುವೆಗೆ ತಂದು ಒಂದೇ ದಿನ ಹಾಕಿದ ಶೂ ಇದೆಯಲ್ಲ, ಅದನ್ನು ನಮ್ಮ ಮಲೆನಾಡಿನ ಥಂಡಿಯಲ್ಲಿ ಕೆಲವು ವರ್ಷ ಬಿಟ್ಟು ತೆಗೆದು ನೋಡಿ. ಅಡಿ ಪಾಲಿಯುರಿಥೇನ್ ಅನ್ನುವ ಮೆತ್ತನೆ ಪ್ಲಾಸ್ಟಿಕ್ಕಿನದ್ದಾಗಿದ್ದರೆ ಗಾಳಿಯ ತೇವ ಹೀರಿ ಹಳೇ ಬಿಸ್ಕತ್ತಿನ ಹಾಗೆ ಉದುರುತ್ತದೆ. ಯಾರೂ ಹಾಕಿಕೊಂಡು ನಡೆದಿಲ್ಲ. ಸುಮ್ನೆ ಇದ್ದೇ ಹಾಳು.

ಇದನ್ನೆಲ್ಲ ಪಾಠ ಮಾಡುತ್ತಿದ್ದವಳ ಮನೆಯಲ್ಲೇ ಏನಾಯಿತು ಕೇಳಿ.

ನಮ್ಮತ್ತೆ ಪ್ರತಿ ಗುರುವಾರ ಭಜನೆಗೆ ಹಾರ್ಮೋನಿಯಂ ಬಾರಿಸುತ್ತಿದ್ದರು. ಅವರ ಶ್ರುತಿ ಬಿಳಿ ಐದು, ಅಂದರೆ ಬೆರಳಲ್ಲಿ ಒತ್ತುವ ಬಿಳಿ ಮನೆಗಳಲ್ಲಿ ಐದನೆಯದು. ಆ ಮನೆ ಒತ್ತಿದಾಗ ಮಾತ್ರ ಸ್ವರದ ಜೊತೆ ಸಣ್ಣಗೆ 'ಝೀಂ' ಅಂತ ಒಂದು ಸದ್ದು ಬರುತ್ತಿತ್ತು, ಒಳಗೊಂದು ಜೀರುಂಡೆ ಕೂತ ಹಾಗೆ. ರಿಪೇರಿ ಮಾಡಿಸೋಣ ಅಂದರೆ ಅತ್ತೆ ಕೇಳಬೇಕಲ್ಲ. "ಅದೂ ನನ್ನ ಜೊತೆ ಹಾಡುತ್ತೆ, ಹಾಡಲಿ ಬಿಡು" ಅನ್ನುತ್ತಿದ್ದರು.

ನಡುವೆ ಒಂದು ಮಾತು. ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹಾರ್ಮೋನಿಯಂ ಅನ್ನು ಸ್ಟುಡಿಯೊದಿಂದ ಹೊರಗಿಟ್ಟಿತ್ತು, ನಿಮಗೆ ಗೊತ್ತಾ? ಸ್ವರವನ್ನು ಜಾರಿಸಿ ಓಲಾಡಿಸುವ ಗಮಕ ಅದರಲ್ಲಿ ಹುಟ್ಟಲ್ಲ ಅಂತ ಅದರ ಮೇಲೆ ದೂರು. 1971ರಲ್ಲಷ್ಟೇ ಆ ನಿಷೇಧ ಸಡಿಲವಾಯಿತು. ಅತ್ತೆ ಇದನ್ನು ಹೇಳಿ ಹೇಳಿ ನಗುತ್ತಿದ್ದರು. ಇವತ್ತು ರೇಡಿಯೊದಲ್ಲೇ ಅವರ ಪೆಟ್ಟಿಗೆಯ ಕಥೆ ಬರುತ್ತಿದೆ, ಕೇಳಲು ಅವರಿರಬೇಕಿತ್ತು.

ಅತ್ತೆ ಹೋದ ಮೇಲೆ ಪೆಟ್ಟಿಗೆ ಅಟ್ಟ ಸೇರಿತು. ಹನ್ನೊಂದು ವರ್ಷ! ಯಾರು ಕೇಳಿದರೂ ನಮ್ಮ ಮನೆಯವರದ್ದು ಒಂದೇ ಉತ್ತರ: "ಅಮ್ಮನ ನೆನಪು, ಕೊಡಲ್ಲ." ನೆನಪು ಅಂದವರು ಒಂದು ದಿನ ಮುಚ್ಚಳ ತೆಗೆದು ನೋಡಲಿಲ್ಲ. ನಾನೂ ನೋಡಲಿಲ್ಲ ಅನ್ನಿ. ಒಂದು ಸಲ ಇದೇ ಆಯುಧಪೂಜೆಗೆ ಇಳಿಸಿದೆವು. ಸುತ್ತಿದ್ದ ಬಟ್ಟೆ ಬಿಚ್ಚಿದರೆ ಮೂಗಿಗೆ ಇಲಿಯ ವಾಸನೆ. ತಿದಿಯ ಮೂಲೆಯಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತು. ಗಾಳಿ ಹಾಕಿದರೆ ಬುಸ್ ಅಂತ ಅಲ್ಲಿಂದಲೇ ಹೊರಗೆ. ಮೂರು ಮನೆಗಳು ಒತ್ತಿದಲ್ಲೇ ಕೂತುಬಿಟ್ಟವು. ನಮ್ಮವರು ಮಾತಾಡಲಿಲ್ಲ. ತುಂಬ ಹೊತ್ತು ಆ ತೂತಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

ಹೊಸನಗರದ ಕಡೆಯ ಒಂದು ಭಜನಾ ಮಂಡಳಿಯವರು ಹಾರ್ಮೋನಿಯಂ ಹುಡುಕುತ್ತಿದ್ದರು. ಕೊಡುವ ಮೊದಲು ರಿಪೇರಿ ಮಾಡಿಸಿದೆವು. ಕೆಟ್ಟದ್ದನ್ನು ದಾನ ಅಂತ ಸಾಗಹಾಕುವುದು ನನಗೆ ಆಗದ ಕೆಲಸ. ತಿದಿ ಬದಲಾಯಿತು, ಸ್ವರ ಹುಟ್ಟಿಸುವ ಹಿತ್ತಾಳೆ ರೀಡುಗಳ ಕಿಲುಬು ಹೋಯಿತು. ಖರ್ಚು ಜಾಸ್ತಿಯೇ ಬಂತು. ಹನ್ನೊಂದು ವರ್ಷ ಮೊದಲು ಕೊಟ್ಟಿದ್ದರೆ ಒಂದು ಪೈಸೆ ಬೇಕಿರಲಿಲ್ಲ. ಅದಕ್ಕೇ ಹೇಳುವುದು, ಚೆನ್ನಾಗಿರುವಾಗಲೇ ಕೊಡಿ ಅಂತ.

ಕಾರ್ತಿಕದ ದೀಪೋತ್ಸವಕ್ಕೆ ಅವರು ನಮ್ಮನ್ನು ಕರೆದರು. ಗುಡಿಯ ಜಗುಲಿಯಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕಾಲು ಮಡಿಚಿ ಕೂತು ಬಾರಿಸುತ್ತಿದ್ದಳು. ತಿದಿ ಒತ್ತುವ ಕೈಯಲ್ಲಿ ಗಾಜಿನ ಬಳೆ, ಅದೂ ತಾಳಕ್ಕೆ ಸರಿಯಾಗಿ ಸದ್ದು ಮಾಡುತ್ತಿತ್ತು. ಹಾಡಿನ ನಡುವೆ ಬಿಳಿ ಐದು ಒತ್ತಿದಳು. ಝೀಂ! ರಿಪೇರಿಯವರ ಕೈಗೂ ಆ ಜೀರುಂಡೆ ಸಿಕ್ಕಿರಲಿಲ್ಲ. ನಮ್ಮವರು ನನ್ನ ಕಡೆ ತಿರುಗಿ, "ಅಮ್ಮ ಬಂದಳು ನೋಡೇ" ಅಂದರು. ಅಟ್ಟದಲ್ಲಿ ಜೋಪಾನವಾಗಿ ಇಟ್ಟಾಗ ಒಂದು ದಿನವೂ ಬಂದಿರಲಿಲ್ಲ.

ಅಯ್ಯೋ, ಗಡಿಯಾರ ನೋಡಿದರೆ ಸಮಯವೇ ಉಳಿದಿಲ್ಲ. ಬರೆದು ತಂದದ್ದು ಇನ್ನೂ ಎರಡು ಹಾಳೆ ಇದೆ. ಬೇಗ ಬೇಗ ಹೇಳುತ್ತೇನೆ.

ಬಟ್ಟೆ. 2004ರ ಸುನಾಮಿ ಆದಾಗ ತಮಿಳುನಾಡಿನ ಕರಾವಳಿಗೆ ಎಲ್ಲೆಲ್ಲಿಂದಲೋ ಹಳೇ ಬಟ್ಟೆ ಹೋಯಿತು. ಎಷ್ಟೋ ರಾಶಿ ರಸ್ತೆ ಬದಿಯಲ್ಲೇ ಬಿದ್ದಿತ್ತು. ಮನೆ ಹೋದರೂ ಮಾನ ಇರುವ ಜನ ಇನ್ನೊಬ್ಬರ ಹರಕು ಯಾಕೆ ಉಡುತ್ತಾರೆ, ಹೇಳಿ? ದೆಹಲಿಯಲ್ಲಿ 1999ರಲ್ಲಿ ಅಂಶು ಗುಪ್ತಾ ಅವರು ಶುರು ಮಾಡಿದ ಗೂಂಜ್ ಸಂಸ್ಥೆ ಇದಕ್ಕೊಂದು ದಾರಿ ಕಂಡುಕೊಂಡಿದೆ. ಊರಿನವರು ತಮ್ಮೂರಿನ ಬಾವಿ, ರಸ್ತೆ ಸರಿಮಾಡಿಕೊಳ್ಳುತ್ತಾರೆ, ಆ ದುಡಿಮೆಗೆ ಬಟ್ಟೆ ಸಿಗುತ್ತದೆ. ಭಿಕ್ಷೆಯ ಮಾತೇ ಇಲ್ಲ. 2015ರಲ್ಲಿ ಗುಪ್ತಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹಾಗಾಗಿ ಒಗೆದು ಕೊಡಿ. ಗುಂಡಿ ಹೊಲಿದು ಕೊಡಿ. ಲಂಗಕ್ಕೆ ಲಾಡಿ ಹಾಕಿ ಕೊಡಿ, ಇದನ್ನು ಹತ್ತರಲ್ಲಿ ಒಂಬತ್ತು ಜನ ಮರೆಯುತ್ತೀರಿ! ಸೀರೆಗೆ ಅದರ ರವಿಕೆಯನ್ನು ಪಿನ್ನು ಮಾಡಿ. ಹರಿದದ್ದರಲ್ಲಿ ನೆಲ ಒರೆಸಿ, ಇಲ್ಲವೇ ಕೌದಿ ಹೊಲಿಯುವವರಿಗೆ ಕೊಡಿ. ಪುಸ್ತಕ, ಪಾತ್ರೆ, ಆಟದ ಸಾಮಾನಿಗೆ ನಗರಸಭೆಯಲ್ಲಿ ಆರ್‌ಆರ್‌ಆರ್ ಕೇಂದ್ರ, ಅಂದರೆ ಮರುಬಳಕೆಗೆ ಹಳೇ ಸಾಮಾನು ತೆಗೆದುಕೊಳ್ಳುವ ಜಾಗ, ಎಲ್ಲಿದೆ ಅಂತ ವಿಚಾರಿಸಿ. 2023ರ ಮೇ ತಿಂಗಳಿಂದ ದೇಶದ ಊರೂರಲ್ಲಿ ಇವು ಶುರುವಾಗಿವೆ.

ಕೊನೆಯದಾಗಿ, ನಮ್ಮ ಮನೆಯವರು ಇದನ್ನು ಕೇಳುತ್ತಿದ್ದಾರೆ. ರೀ, ಅಟ್ಟದಲ್ಲಿ ಬಲಗಡೆ ನಿಮ್ಮ ಕೇರಂ ಬೋರ್ಡು ಇದೆ. ನಿನ್ನೆ ನೋಡಿದೆ, ಇನ್ನೂ ಸೊಟ್ಟಗಾಗಿಲ್ಲ. ಹಾಸ್ಟೆಲ್ ಹುಡುಗರು ಕೇಳುತ್ತಿದ್ದಾರೆ. ಒಂದು ಕಾಯಿ ಮಾತ್ರ ಇಲ್ಲ, ಕೆಂಪು. ನಾನು ಮನೆಗೆ ಬರುವಷ್ಟರಲ್ಲಿ ಹುಡುಕಿಡಿ.

ನಮಸ್ಕಾರ.