ಐದು ಪೌಂಡಿನ ಬಾಕಿ

(ತುಮಕೂರಿನ ಓದುಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಹಿರಿಯರೇ, ಸ್ನೇಹಿತರೇ, ವಿದ್ಯಾರ್ಥಿಗಳೇ,

ಷಾರ್ಲೆಟ್ ಬ್ರಾಂಟೆಯವರ ‘ಜೇನ್ ಐರ್’ 1847ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಪ್ರಕಟವಾದಾಗ ಅದರ ಮೇಲಿದ್ದದ್ದು ಕರರ್ ಬೆಲ್ ಎಂಬ, ಗಂಡಸಿನದೋ ಹೆಂಗಸಿನದೋ ತಿಳಿಯದಂಥ ಹೆಸರು. ಅದೇ ವರ್ಷ ಅದೇ ಊರಿನಲ್ಲಿ, ನಮ್ಮ ಗುಬ್ಬಿಯಲ್ಲಿ ಕೆಲಸ ಮಾಡಿ ಹಿಂದಿರುಗಿದ್ದ ವೆಸ್ಲಿಯನ್ ಮಿಷನರಿ ವಿಲಿಯಂ ಆರ್ಥರ್ ಮೈಸೂರು ಸೀಮೆಯನ್ನು ಕುರಿತು ಬರೆದ ಪುಸ್ತಕವೂ ಅಚ್ಚಾಯಿತು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಕಾದಂಬರಿಯಲ್ಲಿ ಜೇನ್‌ಗೆ ಹಿಂದೂಸ್ಥಾನಿ ಕಲಿಸಿ, ಮದುವೆಯಾಗಿ, ಭಾರತಕ್ಕೆ ಕರೆದೊಯ್ಯಬೇಕೆಂದು ಮಿಷನರಿಯೊಬ್ಬ ಹಟ ಹಿಡಿಯುತ್ತಾನೆ. ಅವಳು ಒಪ್ಪಿದ್ದರೆ ಎತ್ತಿನ ಗಾಡಿಯಲ್ಲಿ ನಮ್ಮ ಈ ಸೀಮೆಯ ಮೇಲೆಯೇ ಹಾದುಹೋಗುತ್ತಿದ್ದಳೇನೋ ಎಂದು ನನಗೆ ಅನ್ನಿಸುವುದುಂಟು. ಅವಳೇಕೆ ಒಪ್ಪಲಿಲ್ಲ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಈ ಕಾದಂಬರಿಯನ್ನು ಸಾಮಾನ್ಯವಾಗಿ ಪ್ರೇಮಕಥೆಯೆಂದು ಓದುತ್ತಾರೆ, ಇಲ್ಲವೇ ಸ್ತ್ರೀಸ್ವಾತಂತ್ರ್ಯದ ಘೋಷಣೆಯೆಂದು ಓದುತ್ತಾರೆ. ಎರಡೂ ತಪ್ಪಲ್ಲ. ಆದರೆ ಜೇನ್‌ಳ ತನ್ನತನ ನನಗೆ ಕಾಣಿಸುವುದು ಅವಳ ಆವೇಶದ ಮಾತುಗಳಲ್ಲಿ ಅಲ್ಲ, ಅವಳು ದುಡ್ಡಿನ ಲೆಕ್ಕ ಹೇಳುವ ಗಳಿಗೆಗಳಲ್ಲಿ. ಅವಳು ಅತ್ತೆಯ ಹಂಗಿನಲ್ಲಿ ಬೆಳೆದ ತಬ್ಬಲಿ. ಆಮೇಲೆ ಧರ್ಮಾರ್ಥ ಶಾಲೆಯೊಂದರಲ್ಲಿ ಎಂಟು ವರ್ಷ ಕಳೆದು, ಥಾರ್ನ್‌ಫೀಲ್ಡ್ ಎಂಬ ದೊಡ್ಡ ಮನೆಗೆ ಮಗುವಿಗೆ ಪಾಠ ಹೇಳುವ ಗವರ್ನೆಸ್ ಆಗಿ ಬರುತ್ತಾಳೆ. ಸಂಬಳ ವರ್ಷಕ್ಕೆ 30 ಪೌಂಡು. ಸ್ವತಃ ಬ್ರಾಂಟೆ 1841ರಲ್ಲಿ ಇದೇ ಕೆಲಸಕ್ಕೆ ಪಡೆಯುತ್ತಿದ್ದದ್ದು 20 ಪೌಂಡು. ಅದರಲ್ಲೂ ಬಟ್ಟೆ ಒಗೆಸಿದ ಬಾಬ್ತು ಮುರಿದುಕೊಳ್ಳುತ್ತಿದ್ದರು. ಹಣದ ವಿಷಯದಲ್ಲಿ ಈ ಲೇಖಕಿ ಊಹೆಯಿಂದ ಬರೆದವರಲ್ಲ.

ಒಂದು ದೃಶ್ಯವನ್ನು ನೋಡೋಣ. ಅತ್ತೆಗೆ ಸಾವು ಸಮೀಪಿಸಿದೆಯೆಂದು ಹೇಳಿಕಳಿಸಿದಾಗ ಜೇನ್ ಯಜಮಾನ ರಾಚೆಸ್ಟರನ ಬಳಿ ರಜೆ ಕೇಳುತ್ತಾಳೆ. ಅವಳ ಕೈಯಲ್ಲಿರುವುದು ಐದು ಶಿಲಿಂಗು ಮಾತ್ರ. ಸಂಬಳ ಇನ್ನೂ ಬಂದಿಲ್ಲ. ಅವನು 50 ಪೌಂಡಿನ ನೋಟು ಚಾಚುತ್ತಾನೆ. ತನಗೆ ಸಲ್ಲಬೇಕಾದದ್ದು 15, ತನ್ನ ಬಳಿ ಚಿಲ್ಲರೆ ಇಲ್ಲ ಎನ್ನುತ್ತಾಳೆ. ಚಿಲ್ಲರೆ ಬೇಡ ಅಂದರೂ ಕೇಳುವುದಿಲ್ಲ. ಕೊನೆಗೆ ಅವನು, ಹೆಚ್ಚು ಕೊಟ್ಟರೆ ಇವಳು ಬೇಗ ಹಿಂದಿರುಗಲಾರಳೆಂದು ಲೆಕ್ಕ ಹಾಕಿ, 10 ಪೌಂಡು ಕೊಟ್ಟು ಸಾಕಲ್ಲವೇ ಎನ್ನುತ್ತಾನೆ. ಸಾಕು, ಆದರೆ ನೀವು ಇನ್ನೂ ಐದು ಕೊಡಬೇಕು ಎಂದು ಅವಳು ನೆನಪಿಸುತ್ತಾಳೆ. ಅಷ್ಟು ಹೊತ್ತಿಗಾಗಲೇ ಅವನನ್ನು ಅವಳು ಮನಸಾರೆ ಪ್ರೀತಿಸುತ್ತಿದ್ದಾಳೆ. ಪ್ರೀತಿಸುವವನ ಕೈಯಿಂದ ಸಂಬಳಕ್ಕಿಂತ ಒಂದು ಕಾಸೂ ಹೆಚ್ಚಿಗೆ ಬೇಡವೆನ್ನುವ, ಸಂಬಳದಲ್ಲಿ ಒಂದು ಕಾಸೂ ಬಿಡದ ಈ ಹೆಣ್ಣನ್ನು ಜಿಪುಣಿ ಎನ್ನಲಾಗದು. ಹಂಗಿನ ಅನ್ನದ ರುಚಿ ಏನೆಂದು ಅವಳಿಗೆ ಹತ್ತನೆಯ ವಯಸ್ಸಿನಲ್ಲೇ ಗೊತ್ತಾಗಿತ್ತು.

ಮದುವೆ ನಿಶ್ಚಯವಾದ ಮೇಲೆ ರಾಚೆಸ್ಟರ್ ಅವಳನ್ನು ರೇಷ್ಮೆ ಅಂಗಡಿಗೆ ಕರೆದೊಯ್ಯುತ್ತಾನೆ. ಅವನು ಅರ್ಧ ಡಜನ್ ಉಡುಪು ಎಂದರೆ ಇವಳು ಚೌಕಾಸಿ ಮಾಡಿ ಎರಡಕ್ಕೆ ಇಳಿಸುತ್ತಾಳೆ. ಅವನು ಕೊಳ್ಳುತ್ತ ಹೋದಂತೆಲ್ಲ ಅವಮಾನದಿಂದ ಇವಳ ಮುಖ ಕೆಂಪೇರುತ್ತದೆ. ಸ್ವಂತದ್ದೆನ್ನಲು ಸ್ವಲ್ಪವಾದರೂ ಇದ್ದಿದ್ದರೆ ಎಂದುಕೊಂಡು, ಮಡೀರಾ ದ್ವೀಪದಲ್ಲಿರುವ ಚಿಕ್ಕಪ್ಪನಿಗೆ ಮದುವೆಯ ಸುದ್ದಿ ತಿಳಿಸಿ ಪತ್ರ ಬರೆಯುತ್ತಾಳೆ. ಕಾದಂಬರಿಯ ಕೀಲು ಇರುವುದು ಈ ಪತ್ರದಲ್ಲಿ ಎಂದು ನನ್ನ ಅಭಿಪ್ರಾಯ. ಆ ಕಾಗದ ತಲುಪಿದಾಗ ಚಿಕ್ಕಪ್ಪನ ಬಳಿ ಇದ್ದವನು ಇನ್ನೂ ಬದುಕಿದ್ದ ರಾಚೆಸ್ಟರನ ಮೊದಲ ಹೆಂಡತಿಯ ಸೋದರ. ಹಾಗಾಗಿ ಚರ್ಚಿನಲ್ಲಿ ವಕೀಲನೊಬ್ಬ ಎದ್ದು ನಿಂತು ಮದುವೆಯನ್ನು ನಿಲ್ಲಿಸುತ್ತಾನೆ. ಮೋಸದ ಮದುವೆಯಿಂದ ಜೇನ್‌ಳನ್ನು ಉಳಿಸಿದ್ದು ದೈವವಲ್ಲ, ತನ್ನದೇ ಕಾಸು ಬೇಕೆಂಬ ಅವಳ ಹಂಬಲ.

ಅಟ್ಟದ ಮೇಲೆ ಕೂಡಿಹಾಕಲ್ಪಟ್ಟ ಆ ಮೊದಲ ಹೆಂಡತಿ ಬರ್ತಾ ಜಮೈಕಾದವಳು. ಆಸ್ತಿ ಒಡೆಯಬಾರದೆಂದು ಎಲ್ಲವನ್ನೂ ಹಿರಿಯ ಮಗನಿಗೆ ಉಳಿಸಿದ ಅಪ್ಪ, ಕಿರಿಯ ಮಗನಾದ ರಾಚೆಸ್ಟರನಿಗೆ ತಂದ ಸಂಬಂಧ ಅದು. ವರದಕ್ಷಿಣೆ 30,000 ಪೌಂಡು. ಒಬ್ಬಳಿಗೆ ವರ್ಷಕ್ಕೆ ಮೂವತ್ತು, ಇನ್ನೊಬ್ಬಳು ತಂದದ್ದು ಮೂವತ್ತು ಸಾವಿರ. ಬೀಗದ ಹಿಂದೆ ಉಳಿದವಳು ತಂದವಳೇ. ಅವಳಿಗೆ ಒಂದು ಮಾತನ್ನೂ ಕೊಡದಿರುವುದು ಕಾದಂಬರಿಯ ದೊಡ್ಡ ಕೊರತೆ. 1966ರಲ್ಲಿ ಲೇಖಕಿ ಜೀನ್ ರೀಸ್ ಬರ್ತಾಳ ಕಥೆಯನ್ನೇ ಬೇರೆ ಕಾದಂಬರಿಯಾಗಿ ಬರೆದದ್ದು ಈ ಕಾರಣಕ್ಕೇ.

ಇಟ್ಟುಕೊಂಡವಳಾಗಿ ಇರಲೊಲ್ಲದೆ ಜೇನ್ ಇಪ್ಪತ್ತು ಶಿಲಿಂಗಿನೊಂದಿಗೆ ರಾತ್ರೋರಾತ್ರಿ ಮನೆ ಬಿಡುತ್ತಾಳೆ, ಬಯಲಲ್ಲಿ ಮಲಗುತ್ತಾಳೆ, ಹಂದಿಗೆ ಹಾಕಲಿದ್ದ ಗಂಜಿಯನ್ನು ಬೇಡಿ ತಿನ್ನುತ್ತಾಳೆ. ಆಶ್ರಯ ಕೊಟ್ಟ ಸೇಂಟ್ ಜಾನ್ ರಿವರ್ಸನೇ ನಾನು ಮೊದಲು ಹೇಳಿದ ಮಿಷನರಿ. ತಂಗಿಯಾಗಿ ಭಾರತಕ್ಕೆ ಬರುತ್ತೇನೆ, ಹೆಂಡತಿಯಾಗಿ ಬರಲಾರೆ ಎನ್ನುತ್ತಾಳೆ. ರಾಚೆಸ್ಟರನಲ್ಲಿ ಪ್ರೀತಿಯಿತ್ತು, ಮದುವೆಯ ಹಕ್ಕು ಇರಲಿಲ್ಲ. ಇವನಲ್ಲಿ ಹಕ್ಕಿದೆ, ಪ್ರೀತಿಯಿಲ್ಲ. ಒಬ್ಬನ ಆಸೆಗೂ ಇನ್ನೊಬ್ಬನ ಧರ್ಮಕ್ಕೂ ಅವಳು ಉಪಕರಣವಾಗಲಿಲ್ಲ.

ಅಷ್ಟರಲ್ಲಿ ಚಿಕ್ಕಪ್ಪ ತೀರಿಕೊಂಡು 20,000 ಪೌಂಡು ಅವಳಿಗೆ ಬರುತ್ತದೆ. ಸೇಂಟ್ ಜಾನ್ ಮತ್ತು ಅವನ ತಂಗಿಯರು ತನ್ನ ಸೋದರ ಸಂಬಂಧಿಗಳೆಂದು ತಿಳಿದೊಡನೆ ನಾಲ್ಕು ಸಮಪಾಲು ಮಾಡುತ್ತಾಳೆ. ನಮ್ಮಲ್ಲಿ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿಗೆ ಕಾಯ್ದೆ ತಂದಿತು, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಪಾಲುದಾರಳನ್ನಾಗಿಸಿತು. ಆದರೂ ತೆಂಗಿನ ತೋಟದ ಭಾಗದ ಮಾತು ಬಂದಾಗ, ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ ಪಡೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಹಂಚುವುದಕ್ಕೂ ಬಿಟ್ಟುಕೊಡುವುದಕ್ಕೂ ಇರುವ ಅಂತರವನ್ನು ಜೇನ್ ಬಲ್ಲಳು: ಅವಳು ತನ್ನ ಪಾಲನ್ನು ಬಿಡುವುದಿಲ್ಲ.

ಐದು ಸಾವಿರದ ಒಡತಿಯಾಗಿ, ಬರ್ತಾ ಸತ್ತ ಬೆಂಕಿ ಅನಾಹುತದಲ್ಲಿ ಕಣ್ಣು ಕಳೆದುಕೊಂಡ ರಾಚೆಸ್ಟರನ ಬಳಿಗೆ ಮರಳಿ, ನೀವು ಇರಗೊಡದಿದ್ದರೆ ನಿಮ್ಮ ಬಾಗಿಲ ಪಕ್ಕದಲ್ಲೇ ನನ್ನ ಮನೆ ಕಟ್ಟಿಕೊಳ್ಳುತ್ತೇನೆ, ಸಂಜೆ ಬೇಸರವಾದರೆ ಬಂದು ಕೂರಿ ಎನ್ನುತ್ತಾಳೆ. ಕಾದಂಬರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಮಾತು ಅದು. ಆದರೆ ಅವಳು ಆ ಮನೆ ಕಟ್ಟುವುದಿಲ್ಲ, ಮದುವೆಯಾಗುತ್ತಾಳೆ. ಅಂದಿನ ಇಂಗ್ಲಿಷ್ ಕಾನೂನಿನಂತೆ, ಪ್ರತ್ಯೇಕ ಕರಾರು ಮಾಡಿಕೊಳ್ಳದಿದ್ದರೆ, ಮದುವೆಯ ದಿನವೇ ಹೆಂಡತಿಯ ಹಣ ಗಂಡನದಾಗುತ್ತಿತ್ತು; ಅದು ಪೂರ್ತಿ ಬದಲಾದದ್ದು 1882ರ ಕಾಯ್ದೆಯಿಂದ. ಐದು ಪೌಂಡಿನ ಬಾಕಿಯನ್ನು ಮರೆಯದ ಜೇನ್, ಈ ಐದು ಸಾವಿರ ಯಾರ ಹೆಸರಿನಲ್ಲಿ ಉಳಿಯಿತೆಂದು ನಮಗೆ ಹೇಳುವುದಿಲ್ಲ. ಚರ್ಚೆಯನ್ನು ನೀವು ಅಲ್ಲಿಂದಲೇ ಶುರು ಮಾಡಬಹುದು.