ರೀಬೂಟ್ ಮಾಡುವ ಮೊದಲು ಒಂದು ಸಲ ನೋಡಿ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವ ವಿಷಯ ಸಿಸ್ಟಮ್ ಅಡ್ಮಿನ್ ಕೆಲಸದ ಹಿನ್ನೋಟ. ಟೇಪ್ ಬದಲಿಸುತ್ತಿದ್ದ ಕಾಲದಿಂದ ಶುರು ಮಾಡಿ ಕ್ಲೌಡ್ ತನಕ ಬರಬೇಕು ಅಂತ ಟಿಪ್ಪಣಿ ಮಾಡಿಕೊಂಡಿದ್ದೇನೆ. ಆದರೆ ಈ ಕೆಲಸಕ್ಕೆ ಹೊಸದಾಗಿ ಸೇರಿದ ಒಬ್ಬ ಹುಡುಗಿ ಮೊನ್ನೆ ಕೇಳಿದ ಪ್ರಶ್ನೆ ತಲೆಯಲ್ಲೇ ಕೂತಿದೆ. "ಮೇಡಂ, ಪಾಡ್ ಸತ್ತರೆ ಕುಬರ್ನೆಟಿಸ್ ತಾನೇ ಇನ್ನೊಂದನ್ನು ಎಬ್ಬಿಸುತ್ತೆ. ಯಾಕೆ ಸತ್ತಿತು ಅಂತ ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು?" ಕುಬರ್ನೆಟಿಸ್ ಅಂದರೆ ಕಂಟೇನರ್‌ಗಳನ್ನು, ಅಂದರೆ ತಮಗೆ ಬೇಕಾದ್ದನ್ನೆಲ್ಲ ಜೊತೆಗೇ ಕಟ್ಟಿಕೊಂಡ ಪ್ರೋಗ್ರಾಮ್‌ಗಳನ್ನು, ನೋಡಿಕೊಳ್ಳುವ ವ್ಯವಸ್ಥೆ; ಪಾಡ್ ಅಂದರೆ ಅವು ಓಡುವ ಗೂಡು. ಒಳ್ಳೆಯ ಪ್ರಶ್ನೆ, ಗಂಭೀರವಾಗಿ ಉತ್ತರ ಕೊಡಬೇಕಾದ ಪ್ರಶ್ನೆ. ಹಾಗಾಗಿ ಹಿನ್ನೋಟವನ್ನೂ ಅದರ ಸುತ್ತಲೇ ಹೇಳುತ್ತೇನೆ.

ನಾನು ಕಾಲೇಜು ಲ್ಯಾಬ್‌ನಲ್ಲಿ ಶುರು ಮಾಡಿದೆ. ಆಮೇಲೆ ಪತ್ರಿಕಾ ಕಚೇರಿ, ಆಸ್ಪತ್ರೆ, ಕೊನೆಗೆ ಹೋಸ್ಟಿಂಗ್ ಕಂಪನಿ. ಸೋಲಾರಿಸ್, ನೆಟ್‌ವೇರ್, ಲಿನಕ್ಸ್, ಈ ಎಲ್ಲ ಆಪರೇಟಿಂಗ್ ಸಿಸ್ಟಮ್‌ಗಳ ಜೊತೆಗೂ ಸಂಸಾರ ಮಾಡಿದ್ದಾಯಿತು. ಒಂದೊಂದು ಜಾಗದಲ್ಲಿ ಒಂದೊಂದು ಶಿಸ್ತು. ಪತ್ರಿಕೆಯಲ್ಲಿ ರಾತ್ರಿ ಪುಟಗಳು ಮುದ್ರಣಕ್ಕೆ ಹೋಗುವ ತನಕ ಸರ್ವರ್ ಮುಟ್ಟುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಯಾವ ಹೊತ್ತಿನಲ್ಲೂ ಮುಟ್ಟುವ ಹಾಗಿಲ್ಲ! ಅಲ್ಲಿ ಒಂದು ರೀಬೂಟ್ ಅಂದರೆ ಹತ್ತು ವಿಭಾಗಗಳ ಒಪ್ಪಿಗೆ ಬೇಕು. ಕಾರಣ ಹುಡುಕುವುದನ್ನು ನನಗೆ ಕಲಿಸಿದ್ದು ಆ ಕಟ್ಟುನಿಟ್ಟೇ.

ಆಗೆಲ್ಲ ದೂರದ ಯಂತ್ರಕ್ಕೆ ಟೆಲ್‌ನೆಟ್‌ನಲ್ಲಿ ಹೋಗುತ್ತಿದ್ದೆವು. ಪಾಸ್‌ವರ್ಡ್ ಯಾವ ಮುಚ್ಚುಮರೆಯೂ ಇಲ್ಲದೆ ನೆಟ್‌ವರ್ಕ್‌ನಲ್ಲಿ ಓಡಾಡುತ್ತಿತ್ತು. ಫಿನ್‌ಲ್ಯಾಂಡಿನಲ್ಲಿ ಟಾಟು ಯುಲೊನೆನ್ ಅನ್ನುವ ಸಂಶೋಧಕರ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಹೀಗೆ ಪಾಸ್‌ವರ್ಡ್‌ಗಳನ್ನು ಕದ್ದರು. ಎಲ್ಲರೂ ಪಾಸ್‌ವರ್ಡ್ ಬದಲಿಸಿ ಅಂತ ಸುತ್ತೋಲೆ ಕಳಿಸಿ ಸುಮ್ಮನಾಗಬಹುದಿತ್ತು, ಅಲ್ವಾ? ಅವರು ಕಳ್ಳತನಕ್ಕೆ ದಾರಿ ಎಲ್ಲಿದೆ ಅಂತ ನೋಡಿದರು, 1995ರಲ್ಲಿ ಎಲ್ಲವನ್ನೂ ಗುಪ್ತಲಿಪಿಯಲ್ಲಿ ಕಳಿಸುವ ಎಸ್ಎಸ್ಎಚ್ ಬರೆದರು. ಈ ಸಭೆಯಲ್ಲಿ ಅದನ್ನು ಬಳಸದವರು ಯಾರೂ ಇರಲಾರರು.

ಈಗ ನನಗೆ ತುಂಬಾ ಇಷ್ಟವಾದ ಕಥೆ. ನಾನು ಸೇರಿದ ಒಂದು ಕಡೆ, ಹಿಂದಿನವರು ಬಿಟ್ಟುಹೋದ ಕಡತದಲ್ಲಿ ಒಂದು ಸಾಲು ಇತ್ತು: 'ಪ್ರತಿ ಭಾನುವಾರ ಈ ಸರ್ವರ್ ರೀಬೂಟ್ ಮಾಡಿ.' ಯಾಕೆ ಅಂತ ಬರೆದಿರಲಿಲ್ಲ. ಕೇಳಿದರೆ ಒಬ್ಬರು ಮೆಮೊರಿ ಅಂದರು, ಇನ್ನೊಬ್ಬರು ಹಳೇ ಯಂತ್ರ, ವಿಶ್ರಾಂತಿ ಬೇಕು ಅಂದರು. ಡೇಟಾಬೇಸ್‌ನವರು ನೆಟ್‌ವರ್ಕ್‌ನವರ ಕಡೆ ಕೈ ತೋರಿಸಿದರು, ಅವರು ಅಪ್ಲಿಕೇಶನ್ ಬರೆದವರ ಕಡೆ. ಒಂದು ವಾರ ಹಬ್ಬದ ರಜೆ ಬಂದು ರೀಬೂಟ್ ತಪ್ಪಿತು. ಮಂಗಳವಾರದ ಹೊತ್ತಿಗೆ ಡಿಸ್ಕ್ ಭರ್ತಿ, ಎಲ್ಲ ಕೆಲಸ ನಿಂತಿತು. ಎಲ್ಲರೂ ಒಟ್ಟಿಗೆ ಹೇಳಿದ್ದು ಒಂದೇ ಮಾತು, ರೀಬೂಟ್ ಮಾಡಿ! ಎರಡು ನಿಮಿಷ ಕೊಡಿ ಅಂದೆ.

ಡಿಎಫ್ ಕಮಾಂಡ್ ಡಿಸ್ಕ್ ಪೂರ್ತಿ ತುಂಬಿದೆ ಅನ್ನುತ್ತಿತ್ತು. ಡಿಯು ಹಾಕಿ ಫೈಲುಗಳನ್ನೆಲ್ಲ ಕೂಡಿಸಿದರೆ ಅರ್ಧವೂ ಇಲ್ಲ. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಡಿಯು ಹೆಸರಿರುವ ಫೈಲುಗಳನ್ನು ಮಾತ್ರ ಎಣಿಸುತ್ತದೆ. ಡಿಎಫ್ ಫೈಲ್ ಸಿಸ್ಟಮ್ ಅನ್ನೇ ಕೇಳುತ್ತದೆ. ಯುನಿಕ್ಸ್‌ನಲ್ಲಿ ಫೈಲ್ ಅಳಿಸಿದಾಗ ಹೋಗುವುದು ಹೆಸರು. ಯಾವುದಾದರೂ ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಮ್, ಅದನ್ನು ತೆರೆದಿಟ್ಟುಕೊಂಡಿದ್ದರೆ ಜಾಗ ಖಾಲಿಯಾಗುವುದಿಲ್ಲ. ಯಾರು ಯಾವ ಫೈಲ್ ತೆರೆದಿದ್ದಾರೆ ಅಂತ ತೋರಿಸುವ ಎಲ್‌ಎಸ್‌ಒಎಫ್ ಹಾಕಿದ ತಕ್ಷಣ ಸಿಕ್ಕಿತು: 'ಡಿಲೀಟೆಡ್' ಅಂತ ಗುರುತಿದ್ದ ದೊಡ್ಡ ದೊಡ್ಡ ಲಾಗ್ ಫೈಲುಗಳು, ಅಂದರೆ ಪ್ರೋಗ್ರಾಮ್ ತನ್ನ ದಿನಚರಿ ಬರೆದಿಡುವ ಫೈಲುಗಳು. ಯಾರೋ ಒಂದು ಕಾಲದಲ್ಲಿ ಪ್ರತಿ ರಾತ್ರಿ ಲಾಗ್ ಅಳಿಸುವ ಕ್ರಾನ್, ಅಂದರೆ ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ, ಹಾಕಿದ್ದರು. ಲಾಗ್ ಬರೆಯುವ ಪ್ರೋಗ್ರಾಮ್‌ನ ಒಂದೊಂದು ಪ್ರೊಸೆಸ್ ತಾನು ಶುರುವಾದ ದಿನದ ಫೈಲ್ ಹಿಡಿದುಕೊಂಡು ಬರೆಯುತ್ತಲೇ ಇತ್ತು, ಹೆಸರಿಲ್ಲದ ಫೈಲಿಗೆ. ಭಾನುವಾರದ ರೀಬೂಟ್ ಅವನ್ನೆಲ್ಲ ಬಿಡಿಸುತ್ತಿತ್ತು, ಅಷ್ಟೇ. ಆ ಕ್ರಾನ್ ತೆಗೆದೆವು. ಲಾಗ್ ಫೈಲುಗಳನ್ನು ಸರದಿಯಲ್ಲಿ ಬದಲಿಸುವ ಲಾಗ್‌ರೊಟೇಟ್ ಹಾಕಿ, ಹಳೇ ಫೈಲ್ ಬಿಟ್ಟು ಹೊಸದನ್ನು ತೆರೆ ಅಂತ ಪ್ರೋಗ್ರಾಮ್‌ಗೆ ಸಿಗ್ನಲ್ ಕಳಿಸುವ ಹಾಗೆ ಮಾಡಿದೆವು. ಭಾನುವಾರದ ಸಾಲನ್ನು ಕಡತದಿಂದ ಹೊಡೆದುಹಾಕಿದೆವು.

ನನ್ನ ಸಿಟ್ಟು ಆ ಕ್ರಾನ್ ಮೇಲಲ್ಲ. ವರ್ಷಗಟ್ಟಲೆ ಪ್ರತಿ ವಾರ ಸಾಕ್ಷಿ ಕಣ್ಣೆದುರಿಗೇ ಇತ್ತು, ಪ್ರತಿ ವಾರ ನಾವೇ ಅದನ್ನು ಅಳಿಸಿಹಾಕುತ್ತಿದ್ದೆವು. ರೀಬೂಟ್ ತೊಂದರೆಯನ್ನು ಅಡಗಿಸುತ್ತದೆ, ಕಾರಣವನ್ನೂ ಜೊತೆಗೇ ಒಯ್ಯುತ್ತದೆ.

2012ರ ಜೂನ್ 30 ನೆನಪಿದೆಯಾ? ಗಡಿಯಾರಕ್ಕೆ ಒಂದು ಅಧಿಕ ಸೆಕೆಂಡ್ ಸೇರಿದ ರಾತ್ರಿ. ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಟೈಮರ್‌ನಲ್ಲಿದ್ದ ಒಂದು ದೋಷದಿಂದ ಎಷ್ಟೋ ಸರ್ವರ್‌ಗಳಲ್ಲಿ ಸಿಪಿಯು ಬಳಕೆ ನೂರಕ್ಕೆ ಏರಿ ಕೂತಿತು. ಜಾವಾ ಓಡುತ್ತಿದ್ದ ಕಡೆ ಜಾಸ್ತಿ. ಸಾಲು ಸಾಲಾಗಿ ರೀಬೂಟ್ ಮಾಡಿದವರು ಬೇಕಾದಷ್ಟು ಜನ. ಒಳಗೆ ನೋಡಿದವರಿಗೆ ಗೊತ್ತಾಗಿದ್ದು, ಡೇಟ್ ಕಮಾಂಡ್‌ನಿಂದ ಈಗಿನ ಸಮಯವನ್ನೇ ಮತ್ತೆ ಒಂದು ಸಲ ಕೂರಿಸಿದರೆ ಸಾಕು, ಯಂತ್ರ ತಣ್ಣಗಾಗುತ್ತದೆ. ಒಂದೇ ಸಾಲಿನ ಕಮಾಂಡ್!

ಈಗ ಆ ಹುಡುಗಿಗೆ ಉತ್ತರ. ಕುಬರ್ನೆಟಿಸ್ ಎಬ್ಬಿಸುತ್ತದೆ, ನಿಜ. ಮತ್ತೆ ಬಿದ್ದರೆ ಹತ್ತು ಸೆಕೆಂಡ್ ಕಾಯುತ್ತದೆ, ಆಮೇಲೆ ಇಪ್ಪತ್ತು, ನಲವತ್ತು, ಹೀಗೆ ಐದು ನಿಮಿಷದ ತನಕ. ಯಾಕೆ ಬಿತ್ತು ಅಂತ ಅದು ಹುಡುಕುವುದಿಲ್ಲ. ಆದರೆ ಸುಳಿವು ಇಟ್ಟಿರುತ್ತದೆ. ಲಾಗ್ ಕೇಳುವಾಗ 'ಪ್ರೀವಿಯಸ್' ಅಂತ ಸೇರಿಸಿದರೆ ಸತ್ತ ಕಂಟೇನರ್‌ನ ಕೊನೆಯ ಮಾತು ಸಿಗುತ್ತದೆ. ಎಕ್ಸಿಟ್ ಕೋಡ್ 137 ಅಂದರೆ 128ಕ್ಕೆ 9 ಸೇರಿದ್ದು, 9 ಅನ್ನುವುದು ಕಿಲ್ ಸಿಗ್ನಲ್‌ನ ಸಂಖ್ಯೆ, ಅಂದರೆ ಯಾರೋ ಕಿಲ್ ಮಾಡಿದ್ದಾರೆ. ಹೆಚ್ಚಾಗಿ ಮೆಮೊರಿ ಮಿತಿ ದಾಟಿರುತ್ತದೆ. ಪಾಡ್ ಅನ್ನೇ ಡಿಲೀಟ್ ಮಾಡಿದಿರೋ, ಈ ಸುಳಿವೂ ಹೋಯಿತು, ಲಾಗ್‌ಗಳನ್ನು ಬೇರೆ ಕಡೆ ಕೂಡಿಡದಿದ್ದರೆ. ಸೇವೆ ನಿಂತಿದೆ, ಜನ ಕಾಯುತ್ತಿದ್ದಾರೆ ಅಂದರೆ ಮೊದಲು ಎಬ್ಬಿಸಿ, ನಾನು ಬೇಡ ಅನ್ನುವುದಿಲ್ಲ. ಎಬ್ಬಿಸುವ ಮೊದಲು ಎರಡು ನಿಮಿಷ ತೆಗೆದುಕೊಂಡು ಲಾಗ್, ಡಿಎಮೆಸ್ಸೆಜ್ ತೋರಿಸುವ ಕರ್ನೆಲ್ ಸಂದೇಶಗಳು, ಯಾವ ಪ್ರೊಸೆಸ್ ಏನು ಹಿಡಿದಿದೆ ಅನ್ನುವ ಪಟ್ಟಿ, ಇಷ್ಟನ್ನು ಬೇರೆ ಕಡೆ ಉಳಿಸಿ. ಅದಕ್ಕೆ ಮೊದಲೇ ಒಂದು ಸ್ಕ್ರಿಪ್ಟ್ ಬರೆದಿಟ್ಟುಕೊಂಡಿದ್ದರೆ ಎರಡು ನಿಮಿಷವೂ ಬೇಡ.

ಚೀಟಿ ಬಂತು, ಸಮಯ ಮುಗಿಯುತ್ತಿದೆ. ಬ್ಯಾಕಪ್ ಬಗ್ಗೆ ದೊಡ್ಡ ಭಾಗ ಇತ್ತು. ಒಂದೇ ಮಾತು: 2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ಡೇಟಾಬೇಸ್ ಅಳಿಸಿಹೋದಾಗ, ನಂಬಿದ್ದ ಹಲವು ಬ್ಯಾಕಪ್ ದಾರಿಗಳು ಕೆಲಸ ಮಾಡುತ್ತಿರಲಿಲ್ಲ ಅಂತ ಆ ಹೊತ್ತಿನಲ್ಲೇ ಗೊತ್ತಾಯಿತು. ಕೊನೆಗೆ ಕೈಹಿಡಿದದ್ದು ಆರು ಗಂಟೆ ಹಿಂದಿನ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡೇಟಾದ ಪ್ರತಿ. ಅವರು ಇದನ್ನೆಲ್ಲ ಮುಚ್ಚಿಡದೆ ಬರೆದು ಹಾಕಿದ್ದಾರೆ, ಹುಡುಕಿ ಓದಿ.

ಆಟೊಮೇಶನ್ ಬಿಡುತ್ತೇನೆ. 2038ರ ಬಗ್ಗೆ ಮಾತ್ರ ಹೇಳಿಬಿಡುತ್ತೇನೆ. ಆ ವರ್ಷ ಜನವರಿ 19ಕ್ಕೆ, ಯುಟಿಸಿ ಪ್ರಕಾರ 03:14:07 ಆದ ಮರುಕ್ಷಣ, ಸಮಯವನ್ನು 32 ಬಿಟ್‌ನಲ್ಲಿ ಎಣಿಸುವ ಯಂತ್ರಗಳ ಲೆಕ್ಕ ತುಂಬಿ ಹಿಂದಕ್ಕೆ ಹಾರುತ್ತದೆ. ನಿಮ್ಮಲ್ಲಿ ಬಹಳ ಜನ ಆಗಲೂ ಕೆಲಸದಲ್ಲಿರುತ್ತೀರಿ. ಗೋಡೆಯೊಳಗೆ, ಕಾರ್ಖಾನೆಯ ಮೂಲೆಯಲ್ಲಿ ಕೂತಿರುವ ಹಳೇ ಪೆಟ್ಟಿಗೆಗಳ ಪಟ್ಟಿಯನ್ನು ಈಗಲೇ ಮಾಡಲು ಶುರು ಮಾಡಿ. ಅವು ರೀಬೂಟ್‌ಗೆ ಬಗ್ಗುವುದಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ. ಮೈಕ್ ಅವರಿಗೆ ಕೊಡಿ.